ಬಿಲ್ಲು ಕೇಳಿದರೆ ಬೆಲೆ ಏಕೆ ಏರುತ್ತದೆ?

‘ಬಿಲ್ಲು ಬೇಕಂದ್ರೆ ಟ್ಯಾಕ್ಸ್ ಸೇರುತ್ತೆ ಸಾರ್, ಬೇಡ ಅಂದ್ರೆ ಇದೇ ರೇಟಿಗೆ ತಗೊಂಡ್ಹೋಗಿ.’ ಮಿಕ್ಸಿ, ಫ್ಯಾನು, ನಲ್ಲಿ ಸಾಮಾನು ಕೊಳ್ಳಲು ಪೇಟೆಗೆ ಹೋದವರಿಗೆಲ್ಲ ಪರಿಚಿತವಾದ ಮಾತಿದು. ನಾಲ್ಕು ಕಾಸು ಉಳಿಯಿತೆಂದು ಗಿರಾಕಿಯೂ ಖುಷಿಯಿಂದ ಚೀಲ ಹಿಡಿದು ಹೊರಡುತ್ತಾನೆ. ತೊಂದರೆ ಗೊತ್ತಾಗುವುದು ಮಿಕ್ಸಿ ಕೆಟ್ಟ ದಿನ. ಗ್ಯಾರಂಟಿ ಕಾರ್ಡಿನಲ್ಲಿ ಅಂಗಡಿಯ ಮೊಹರಿಲ್ಲ, ದಿನಾಂಕವಿಲ್ಲ. ‘ನಮ್ಮಲ್ಲೇ ತಗೊಂಡಿದ್ದು ಅನ್ನೋದಕ್ಕೆ ಏನು ಆಧಾರ?’ ಎಂದರೆ ಬಾಯಿ ಕಟ್ಟುತ್ತದೆ.

ರಸೀದಿ ಕೊಡುವುದು ಅಂಗಡಿಯವನ ಔದಾರ್ಯವೇನೂ ಅಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಬದಲಿಗೆ ಬಂದ 2019ರ ಕಾಯ್ದೆ 2020ರ ಜುಲೈಯಲ್ಲಿ ಜಾರಿಯಾಯಿತು. ಬಿಲ್ಲನ್ನಾಗಲಿ ನಗದು ರಸೀದಿಯನ್ನಾಗಲಿ ಕೊಡದಿರುವುದನ್ನೇ ಅದು ‘ಅನುಚಿತ ವ್ಯಾಪಾರ ಪದ್ಧತಿ’ಗಳ ಪಟ್ಟಿಗೆ ಸೇರಿಸಿತು. ವಸ್ತುವಿಗಷ್ಟೇ ಅಲ್ಲ, ಸೇವೆಗೂ ಇದು ಅನ್ವಯ. ಮಾರಿದವರ ಹೆಸರು, ವಿಳಾಸ, ಕ್ರಮಸಂಖ್ಯೆ, ದಿನಾಂಕ, ವಸ್ತುವಿನ ವಿವರ ರಸೀದಿಯಲ್ಲಿರಬೇಕು. ಬಿಳಿ ಚೀಟಿಯ ಮೇಲೆ ಮೊತ್ತ ಗೀಚಿ, ತಲೆಯಲ್ಲಿ ‘ಎಸ್ಟಿಮೇಟ್’ ಎಂದು ಅಚ್ಚು ಹಾಕಿ ಕೊಟ್ಟರೆ ಅದು ರಸೀದಿಯಾಗದು.

ಇನ್ನು ತೆರಿಗೆಯ ಮಾತು. ತೆರಿಗೆ ಬೀಳುವುದು ಮಾರಾಟದ ಮೇಲೆ, ಬಿಲ್ಲಿನ ಮೇಲಲ್ಲ. ಬಿಲ್ಲಿಲ್ಲದೆ ಅಗ್ಗವಾಗಿ ಸಿಕ್ಕಿತೆಂದರೆ ಸರ್ಕಾರಕ್ಕೆ ಸೇರಬೇಕಾದದ್ದು ಸೇರಲಿಲ್ಲ ಎಂದಷ್ಟೇ ಅರ್ಥ. ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ ಮತ್ತೆ ತೆರಿಗೆ ಹಾಕುವಂತಿಲ್ಲ. ಜಿಎಸ್‌ಟಿಗೆ ನೋಂದಾಯಿಸದ ಸಣ್ಣ ಅಂಗಡಿಯವರು, ಕಾಂಪೊಸಿಷನ್ ಪದ್ಧತಿಯಲ್ಲಿರುವವರು ಗಿರಾಕಿಯಿಂದ ಪ್ರತ್ಯೇಕವಾಗಿ ಜಿಎಸ್‌ಟಿ ವಸೂಲು ಮಾಡುವಂತೆಯೇ ಇಲ್ಲ. ನೋಂದಾಯಿತ ವರ್ತಕರು 200 ರೂಪಾಯಿಗಿಂತ ಕಡಿಮೆಯ ವ್ಯಾಪಾರಕ್ಕೆ ಬಿಡಿಬಿಡಿಯಾಗಿ ಬಿಲ್ಲು ಬರೆಯದಿದ್ದರೂ ನಡೆಯುತ್ತದೆ, ಆದರೆ ಗಿರಾಕಿ ಕೇಳಿದರೆ ಕೊಡಲೇಬೇಕು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಚಿನ್ನದಂಗಡಿಯಲ್ಲಿ. ಮದುವೆಗೆಂದು ಲಕ್ಷಗಟ್ಟಲೆ ಸುರಿಯುವ ನಾವು ಶೇ 3ರ ತೆರಿಗೆ ಉಳಿಸಲು ತುಂಡು ಚೀಟಿಗೆ ಒಪ್ಪಿಬಿಡುತ್ತೇವೆ. ಹಾಲ್‌ಮಾರ್ಕ್ ಒಡವೆಯ ಬಿಲ್ಲಿನಲ್ಲಿ ಪ್ರತಿ ಒಡವೆಯ ನಿವ್ವಳ ತೂಕ, ಎಷ್ಟು ಕ್ಯಾರಟ್ ಎಂಬುದು, ಹಾಲ್‌ಮಾರ್ಕ್ ಶುಲ್ಕ ನಮೂದಾಗಿರಬೇಕು. ಮುಂದೆ ಪರೀಕ್ಷೆಯಲ್ಲಿ ಶುದ್ಧತೆ ಕಡಿಮೆ ಬಂದರೆ ಪರಿಹಾರ ಕೇಳಲು ಈ ಬಿಲ್ಲೇ ಆಧಾರ. ತುಂಡು ಚೀಟಿ ಹಿಡಿದು ಯಾರನ್ನು ಕೇಳುವುದು?

ಫೋನಿನಲ್ಲಿ ಹಣ ಕಳಿಸಿದರೆ ದಾಖಲೆ ಉಳಿಯುತ್ತದಲ್ಲ ಎನ್ನುವವರಿದ್ದಾರೆ. ಹಣ ಹೋದದ್ದಕ್ಕೆ ಅದು ಸಾಕ್ಷಿ ನಿಜ, ಕೊಂಡದ್ದೇನು ಎಂಬುದಕ್ಕಲ್ಲ. ಬಿಲ್ಲಿಲ್ಲದವರಿಗೆ ಅಷ್ಟಾದರೂ ಆಸರೆಯೆನ್ನಬಹುದು.

ಬಿಲ್ಲು ಕೊಡಲು ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದೊಳಗೆ ಹೋಗಬೇಕು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರನ್ನಿಡಲೇಬೇಕೆಂದೂ ಇಲ್ಲ. ಅಂದಹಾಗೆ, ಈಗಿನ ಯಂತ್ರದ ನುಣುಪು ಕಾಗದದ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ತಂದ ದಿನವೇ ಒಂದು ಜೆರಾಕ್ಸ್ ಮಾಡಿಸಿ ಗ್ಯಾರಂಟಿ ಕಾರ್ಡಿನ ಜೊತೆಗಿಡಿ.