ಪಾಸ್‌ವರ್ಡ್ ಬದಲಾಯಿಸಬಹುದು, ಬೆರಳನ್ನಲ್ಲ

ಸ್ಕಾಲರ್‌ಶಿಪ್ ಅರ್ಜಿ ಹಾಕುವ ದಿನಗಳು ಬಂದರೆ ನಮ್ಮ ತರಗತಿಯಲ್ಲಿ ಒಂದೇ ಮಾತು: "ಪಾಸ್‌ವರ್ಡ್ ಮರೆತುಹೋಯ್ತು." ಕಳೆದ ವರ್ಷ ನಾನೂ ಮರೆತಿದ್ದೆ. ಸೈಬರ್ ಸೆಂಟರ್‌ಗೆ ಹೋದರೆ ಅಲ್ಲಿನ ನೋಟ್‌ಬುಕ್‌ನಲ್ಲಿ ನನ್ನ ಪಾಸ್‌ವರ್ಡ್ ಬರೆದಿಟ್ಟಿತ್ತು! ಅದೇ ಪುಟದಲ್ಲಿ ಇನ್ನೂ ಎಷ್ಟೋ ಜನರದು: ಹೆಸರು, ಅದರ ಪಕ್ಕ 123. ಇದಕ್ಕಿಂತ ಭದ್ರವಾದದ್ದು ಏನಿದೆ ಎಂದು ಅಂದೇ ಹುಡುಕತೊಡಗಿದೆ.

ಕಂಪ್ಯೂಟರ್ ನಮ್ಮನ್ನು ಮೂರು ರೀತಿಯಲ್ಲಿ ಗುರುತಿಸುತ್ತದೆ. ನಮಗೆ ಗೊತ್ತಿರುವುದು: ಪಾಸ್‌ವರ್ಡ್, ಪಿನ್. ನಮ್ಮ ಹತ್ತಿರ ಇರುವುದು: ಮೊಬೈಲ್, ಎಟಿಎಂ ಕಾರ್ಡ್. ನಮ್ಮ ದೇಹದ ಗುರುತು: ಬೆರಳಚ್ಚು, ಮುಖ, ಕಣ್ಣು.

ಬೆರಳಚ್ಚೇ ಒಳ್ಳೆಯದು ಎಂದುಕೊಂಡಿದ್ದೆ. ಆದರೆ ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ದುಡಿದ ನಮ್ಮ ದಾದಿಯ ಬೆರಳುಗಳು ಸವೆದಿವೆ. ನ್ಯಾಯಬೆಲೆ ಅಂಗಡಿಯ ಯಂತ್ರ ಎಷ್ಟೋ ಸಲ ಒಪ್ಪುವುದಿಲ್ಲ. "ನಾನೇ ನಾನಲ್ಲ ಅನ್ನುತ್ತೆ ಈ ಮಿಷಿನ್" ಎಂದು ದಾದಿ ನಗುತ್ತಾರೆ. ಆಗ ಅಬ್ಬಾನ ಮೊಬೈಲ್‌ಗೆ ಬರುವ ಒಟಿಪಿಯಿಂದಲೇ ಅಕ್ಕಿ ಸಿಗಬೇಕು.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಬೆರಳಚ್ಚು ಗುಟ್ಟಲ್ಲ, ಹೆಬ್ಬೆಟ್ಟು ಒತ್ತಿದ ಕಾಗದದಲ್ಲೆಲ್ಲ ಅದು ಉಳಿಯುತ್ತದೆ. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಮೂಲಕ ಬ್ಯಾಂಕ್ ಖಾತೆಯಿಂದ ಹಣ ತೆಗೆದ ದೂರುಗಳು 2023ರಲ್ಲಿ ಬೆಂಗಳೂರಿನಲ್ಲಿ ದಾಖಲಾದವು. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. ಬೆರಳನ್ನು? ಅದಕ್ಕೇ ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಇದೆ. ಬೇಕಾದಾಗ ಮಾತ್ರ ತೆರೆಯಬಹುದು.

ಈಗ ಬಂದಿರುವ ಹೊಸ ದಾರಿ ಪಾಸ್‌ಕೀ. ಗೂಗಲ್ ಖಾತೆಗೆ 2023ರಿಂದ ಇದು ಸಿಗುತ್ತಿದೆ. ನಮ್ಮ ಫೋನ್ ಜೋಡಿ ಕೀಲಿಗಳನ್ನು ತಯಾರಿಸುತ್ತದೆ. ಒಂದು ವೆಬ್‌ಸೈಟ್‌ಗೆ ಹೋಗುತ್ತದೆ, ಇನ್ನೊಂದು ಗುಟ್ಟಾಗಿ ನಮ್ಮ ಬಳಿಯೇ ಉಳಿಯುತ್ತದೆ. ಲಾಗಿನ್ ಆಗುವಾಗ ವೆಬ್‌ಸೈಟ್ ಪ್ರತಿ ಸಲ ಹೊಸ ಸಂಖ್ಯೆ ಕಳಿಸುತ್ತದೆ. ಫೋನ್ ತನ್ನ ಗುಟ್ಟಿನ ಕೀಲಿಯಿಂದ ಅದಕ್ಕೆ ಸಹಿ ಹಾಕಿ ಹಿಂದಿರುಗಿಸುತ್ತದೆ. ನಮ್ಮ ಬೆರಳಚ್ಚು ಅಥವಾ ಪಿನ್ ಆ ಕೀಲಿಯನ್ನು ಬಳಸಲು ಒಪ್ಪಿಗೆ ಕೊಡುತ್ತದೆ ಅಷ್ಟೇ, ವೆಬ್‌ಸೈಟ್‌ಗೆ ಹೋಗುವುದಿಲ್ಲ. ನಕಲಿ ವೆಬ್‌ಸೈಟ್‌ನಲ್ಲಿ ಆ ಕೀಲಿ ಕೆಲಸವನ್ನೇ ಮಾಡುವುದಿಲ್ಲ. ನೋಟ್‌ಬುಕ್‌ನಲ್ಲಿ ಬರೆದಿಡಲು ಏನೂ ಇರುವುದಿಲ್ಲ.

ಪಾಸ್‌ಕೀ ಎಲ್ಲ ಕಡೆ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಗೆಳೆಯ ಗೆಳತಿಯರೇ, ಇಷ್ಟು ಮಾಡೋಣ: ಅರ್ಜಿಗೆ ಮನೆಯವರ ಮೊಬೈಲ್ ನಂಬರನ್ನೇ ಕೊಡೋಣ, ಸೈಬರ್ ಸೆಂಟರ್‌ನದ್ದಲ್ಲ. ಒಟಿಪಿಯನ್ನು ಯಾರಿಗೂ ಹೇಳದೆ ನಾವೇ ಟೈಪ್ ಮಾಡೋಣ. ಕೆಲಸ ಮುಗಿದ ಮೇಲೆ ಲಾಗ್‌ಔಟ್ ಆಗೋಣ.

ನನ್ನ ಹಳೆಯ ಪಾಸ್‌ವರ್ಡ್ ಆ ನೋಟ್‌ಬುಕ್‌ನಲ್ಲಿ ಈಗಲೂ ಇರಬಹುದು. ಅದೇ ಸಂಜೆ ಮನೆಗೆ ಬಂದು ಅದನ್ನು ಬದಲಾಯಿಸಿದೆ. ನೀವೂ ಇವತ್ತೇ ಬದಲಾಯಿಸಿ.