ಹಲ್ಲಿನ ಫಿಲ್ಲಿಂಗ್ ದುರಸ್ತಿ

ಹಲ್ಲಿನ ಫಿಲ್ಲಿಂಗ್ ದುರಸ್ತಿ ಎಂದರೆ, ಹುಳುಕು ಹಲ್ಲಿನ ಕುಳಿಗೆ ತುಂಬಿಸಿದ ಫಿಲ್ಲಿಂಗ್ ಭಾಗಶಃ ಕೆಟ್ಟಾಗ ಅದನ್ನು ಪೂರ್ತಿಯಾಗಿ ತೆಗೆಯದೆ, ಕೆಟ್ಟ ಭಾಗವನ್ನಷ್ಟೇ ಕೊರೆದು ಹೊಸದಾಗಿ ತುಂಬುವ ದಂತಚಿಕಿತ್ಸೆ. ಫಿಲ್ಲಿಂಗಿನ ಅಂಚು ಮುರಿದಾಗ ಅಥವಾ ಅಲ್ಲಿ ಸಣ್ಣ ಪ್ರಮಾಣದಲ್ಲಿ ಮತ್ತೆ ಹುಳುಕು ಕಾಣಿಸಿಕೊಂಡಾಗ ಇದನ್ನು ಮಾಡಬಹುದು.

ಫಿಲ್ಲಿಂಗನ್ನು ಪೂರ್ತಿಯಾಗಿ ಬದಲಾಯಿಸುವಾಗ ಆರೋಗ್ಯವಂತ ಹಲ್ಲಿನ ಭಾಗವೂ ಸ್ವಲ್ಪ ಸವೆದು ಕುಳಿ ಹಿಗ್ಗುತ್ತದೆ. ಹಲ್ಲಿನ ಬಣ್ಣದ್ದೇ ಆದ ಕಾಂಪೋಸಿಟ್ ಫಿಲ್ಲಿಂಗಿನ ಅಂಚನ್ನು ಗುರುತಿಸುವುದು ಕಷ್ಟವಾದ್ದರಿಂದ ಅಲ್ಲಿ ಈ ನಷ್ಟದ ಸಂಭವ ಹೆಚ್ಚು. ಕುಳಿ ದೊಡ್ಡದಾದಂತೆ ಹಲ್ಲು ದುರ್ಬಲಗೊಂಡು ಸೀಳಬಹುದು, ದಂತಮಜ್ಜೆಗೂ ಹಾನಿಯಾಗಬಹುದು.

ಕಾಂಪೋಸಿಟ್ ದುರಸ್ತಿಯಲ್ಲಿ ಹಳೆಯ ಮೇಲ್ಮೈಯನ್ನು ಒರಟುಗೊಳಿಸಿ, ಅಂಟುದ್ರವ ಲೇಪಿಸಿ, ಹೊಸ ಪದರವನ್ನು ನೀಲಿ ಬೆಳಕಿನಿಂದ ಗಟ್ಟಿಗೊಳಿಸಲಾಗುತ್ತದೆ. ಫಿಲ್ಲಿಂಗ್ ಸಡಿಲವಾಗಿದ್ದರೆ ಅಥವಾ ಅದರ ತಳಕ್ಕೆ ಹುಳುಕು ಹರಡಿದ್ದರೆ ಬದಲಾವಣೆಯೇ ಅಗತ್ಯ. ವಯಸ್ಕರಲ್ಲಿ ಈ ಎರಡು ವಿಧಾನಗಳನ್ನು ಹೋಲಿಸುವ ಅರ್ಹ ಯಾದೃಚ್ಛಿಕ ಪ್ರಯೋಗ ಒಂದೂ ಕಾಕ್ರೇನ್ ಸಂಸ್ಥೆಯ 2014ರ ಪರಿಶೀಲನೆಗಳಿಗೆ ದೊರೆಯಲಿಲ್ಲ.