ಕೇದರ ಮೀನಿನ ಬಿಸಿ ಮೈ

ಸಿದ್ದಾಪುರ ಸೀಮೆಯ ಹೇರೂರಿನಂಥ ಊರುಗಳಲ್ಲಿ ಹಳ್ಳದ ಮೀನೊಂದನ್ನು ಕೈಯಲ್ಲಿ ಹಿಡಿದರೆ ಅದು ನೀರಿನಷ್ಟೇ ತಣ್ಣಗಿರುತ್ತದೆ. ಮೀನು ಶೀತರಕ್ತದ ಪ್ರಾಣಿಯೆಂದು ನಾವು ಓದಿದ್ದೇವಷ್ಟೆ. ಆದರೆ ಘಟ್ಟವನ್ನಿಳಿದು ಕುಮಟೆ, ಕಾರವಾರಗಳ ಕಡಲಿಗೆ ಹೋದರೆ ಈ ಪಾಠಕ್ಕೊಂದು ಅಪವಾದ ದೊರೆಯುತ್ತದೆ. ಅಲ್ಲಿಯ ಕೇದರ, ಎಂದರೆ ಟ್ಯೂನ ಮೀನು, ಒಳಗೆ ಸಮುದ್ರಕ್ಕಿಂತ ಬೆಚ್ಚಗಿರುತ್ತದೆ. ರಸಾಯನಜ್ಞ ಹಂಫ್ರಿ ಡೇವಿಯ ತಮ್ಮನಾದ ವೈದ್ಯ ಜಾನ್ ಡೇವಿಯು ಈ ಬಳಗದ ಮೀನೊಂದರ ಉಷ್ಣತೆ ಸುತ್ತಲಿನ ನೀರಿಗಿಂತ ಸುಮಾರು 10 ಡಿಗ್ರಿ ಸೆಂಟಿಗ್ರೇಡ್ ಹೆಚ್ಚಿದ್ದುದನ್ನು 1835ರಲ್ಲಿಯೇ ಪ್ರಕಟಿಸಿದ್ದನು.

ನಮ್ಮ ಕರಾವಳಿಯ ಸಣ್ಣ ಜಾತಿಯ ಕೇದರಕ್ಕೆ ಗಾಳಿಚೀಲವಿಲ್ಲ. ಈಜು ನಿಲ್ಲಿಸಿದರೆ ಮುಳುಗುತ್ತದೆ. ಬಾಯಿ ತೆರೆದು ಮುನ್ನುಗ್ಗದಿದ್ದರೆ ಕಿವಿರುಗಳಿಗೆ ಸಾಕಷ್ಟು ನೀರೂ ಒದಗದು. ಹಗಲಿರುಳು ದುಡಿಯುವ ಸ್ನಾಯುಗಳಲ್ಲಿ ಶಾಖ ಹುಟ್ಟುವುದು ಸೋಜಿಗವಲ್ಲ, ಉಳಿಯುವುದು ಸೋಜಿಗ. ಏಕೆಂದರೆ ಕಿವಿರಿನ ತೆಳು ಪೊರೆಯಲ್ಲಿ ಆಮ್ಲಜನಕಕ್ಕಿಂತ ಶಾಖವೇ ಬೇಗ ಹಾಯುತ್ತದೆ. ಉಸಿರಾಡಿ ಬಂದ ರಕ್ತ ಸಮುದ್ರದಷ್ಟೇ ತಣ್ಣಗಿರುತ್ತದೆ.

ಇದಕ್ಕೆ ಪರಿಹಾರ ರಕ್ತನಾಳಗಳ ಜೋಡಣೆಯಲ್ಲಿದೆ. ಸತತ ಈಜಿಗೆ ಬೇಕಾದ ಕೆಂಪು ಸ್ನಾಯು ಕೇದರದಲ್ಲಿ ಚರ್ಮದಡಿಯಲ್ಲಿರದೆ ಬೆನ್ನೆಲುಬಿನ ಬಳಿ ಆಳದಲ್ಲಿದೆ. ಅದಕ್ಕೆ ಹೋಗುವ ಹಾಗೂ ಅಲ್ಲಿಂದ ಮರಳುವ ಕಿರುನಾಳಗಳು ನೂರಾರು ಸಂಖ್ಯೆಯಲ್ಲಿ ಒತ್ತೊತ್ತಾಗಿ ಹೆಣೆದುಕೊಂಡಿವೆ. ಸಮುದ್ರ 20 ಡಿಗ್ರಿ, ಸ್ನಾಯು 30 ಡಿಗ್ರಿ ಎಂದಿಟ್ಟುಕೊಳ್ಳೋಣ. ಎರಡು ಪ್ರವಾಹಗಳೂ ಒಂದೇ ದಿಕ್ಕಿಗೆ ಹರಿದಿದ್ದರೆ ಎರಡೂ 25ಕ್ಕೆ ಬಂದು ನಿಲ್ಲುತ್ತಿದ್ದವು. ಅರ್ಧ ಶಾಖ ನಷ್ಟ. ಅವು ಎದುರುಬದುರಾಗಿ ಹರಿಯುವುದರಿಂದ ತಣ್ಣನೆಯ ರಕ್ತ ಹೆಜ್ಜೆಹೆಜ್ಜೆಗೂ ತನಗಿಂತ ತುಸು ಬಿಸಿಯಾದ ರಕ್ತವನ್ನು ಸಂಧಿಸುತ್ತ, ಸ್ನಾಯುವನ್ನು ಮುಟ್ಟುವ ವೇಳೆಗೆ 30ರ ಹತ್ತಿರ ಬಂದಿರುತ್ತದೆ. ಮರಳುವ ರಕ್ತ ಶಾಖವನ್ನೆಲ್ಲ ಒಪ್ಪಿಸಿ, ಕಳೆದುಕೊಳ್ಳಲು ಏನೂ ಉಳಿಯದಂತೆ ಕಿವಿರಿಗೆ ಹೋಗುತ್ತದೆ! ಅಮೆರಿಕದ ಕೇರಿ ಮತ್ತು ಟೀಲ್ ಎಂಬವರು 1966ರಲ್ಲಿ ಇದನ್ನು ವಿವರಿಸಿದರು. ಕಾರ್ಖಾನೆಗಳ ಶಾಖವಿನಿಮಯ ಯಂತ್ರಗಳಲ್ಲಿಯೂ ಇದೇ ತತ್ತ್ವವಿದೆ.

ಬೆಚ್ಚಗಿನ ಸ್ನಾಯು ಬೇಗ ಸಂಕುಚಿಸಿ ಬೇಗ ಸಡಿಲುತ್ತದೆ. ಬೇಟೆಗಾರನಿಗೆ ಬೇಕಾದುದು ಅದೇ. ಒಂದೇ ಕುಟುಂಬದವಾದರೂ ಬಂಗಡೆಗೂ ಅಂಜಲಿಗೂ ಈ ಏರ್ಪಾಡಿಲ್ಲ.

ಆದರೆ ಗಾಳಕ್ಕೆ ಸಿಕ್ಕಿ ಒದ್ದಾಡಿದ ಕೇದರ ಇನ್ನಷ್ಟು ಬಿಸಿಯಾಗುತ್ತದೆ. ಅದರ ಮಾಂಸದಲ್ಲಿ ಹೇರಳವಾಗಿರುವ ಹಿಸ್ಟಿಡಿನ್ ಎಂಬ ದ್ರವ್ಯವನ್ನು ಬ್ಯಾಕ್ಟೀರಿಯಗಳು ಆ ಬೆಚ್ಚನೆಯಲ್ಲಿ ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಅಂಥ ಮೀನನ್ನು ತಿಂದವರ ಮುಖ ಕೆಂಪಾಗಿ ತಲೆ ಸಿಡಿಯುತ್ತದೆ. ಕುದಿಸಿದರೂ ಹಿಸ್ಟಮಿನ್ ನಾಶವಾಗದು. ಆದುದರಿಂದ ಕೇದರವನ್ನು ದಡಕ್ಕೆ ತರುವವರೆಗೆ ಕಾಯದೆ, ದೋಣಿಯಲ್ಲಿಯೇ ಮಂಜುಗಡ್ಡೆಯಲ್ಲಿ ಹುದುಗಿಸಬೇಕಾಗುತ್ತದೆ.